ದೀಪ ಆರಿದರೆ ಆರುವ ನಂಬಿಕೆ ಯಾವುದು?

ಸಂಪಾದಕರಿಗೆ ನಮಸ್ಕಾರ.

ದೀಪಾವಳಿ ಹತ್ತಿರವಾಗಿ ವರ್ಷವಿಡೀ ಮುಚ್ಚಿರುವ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆಯುತ್ತಿದ್ದಂತೆ ನಮ್ಮ ಊರಿನಲ್ಲಿ ಒಂದು ಹಳೇ ಜಗಳವೂ ಬಾಗಿಲು ತೆರೆದುಕೊಂಡು ಹೊರಗೆ ಬರುತ್ತದೆ. ಹೋದ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿತ್ತೇ, ಮುಡಿಸಿದ ಹೂ ಬಾಡದೆ ಉಳಿದಿತ್ತೇ, ನೈವೇದ್ಯ ಹಳಸಿರಲಿಲ್ಲವೇ ಎಂಬ ಜಗಳ. ‘ಇದು ನಮ್ಮ ನಂಬಿಕೆ, ಕೆದಕಬೇಡಿ’ ಎಂದು ಒಂದು ಕಡೆಯವರು. ‘ಇದು ಮೂಢನಂಬಿಕೆ, ಒಳಗೆ ಕ್ಯಾಮೆರಾ ಇಡಿ’ ಎಂದು ಇನ್ನೊಂದು ಕಡೆಯವರು. ಬಾಗಿಲು ಮುಚ್ಚಿದ ಮೇಲೆ ಇಬ್ಬರೂ ಮುಂದಿನ ವರ್ಷದ ತನಕ ಸುಮ್ಮನಾಗುತ್ತಾರೆ.

ಈ ಜಗಳ ಯಾಕೆ ತೀರುವುದಿಲ್ಲವೆಂದರೆ, ಇಬ್ಬರೂ ಒಂದೇ ಮೂಟೆಯನ್ನು ಹಿಡಿದು ಎಳೆದಾಡುತ್ತಿದ್ದಾರೆ. ಮೂಟೆಯೊಳಗೆ ಏನೇನಿದೆ ಎಂದು ಬಿಚ್ಚಿ ನೋಡಿಲ್ಲ. ‘ನಂಬಿಕೆ’ ಎಂಬ ಮೂಟೆಯಲ್ಲಿ ಕಡೇ ಪಕ್ಷ ಮೂರು ಬೇರೆ ಬೇರೆ ಸಾಮಾನು ಇದೆ. ಅವನ್ನು ಬೇರ್ಪಡಿಸಲು ಸುಲಭದ ಉಪಾಯ, ಯಾವುದು ಯಾವುದರಿಂದ ಕೆಡುತ್ತದೆ ಎಂದು ಕೇಳುವುದು.

‘ದೀಪ ವರ್ಷವಿಡೀ ಉರಿಯಿತು’ ಎನ್ನುವುದು ಸಂಗತಿಯ ಮಾತು. ಹಣತೆಗೆ ಎಷ್ಟು ಎಣ್ಣೆ ಹಿಡಿಯುತ್ತದೆ, ಬತ್ತಿ ರಾತ್ರಿಗೆ ಎಷ್ಟು ಎಣ್ಣೆ ಕುಡಿಯುತ್ತದೆ, ಮುಚ್ಚಿದ ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ ಎಂಬ ಲೆಕ್ಕದಲ್ಲಿ ಅದು ನಿಲ್ಲಬೇಕು, ಇಲ್ಲ ಬೀಳಬೇಕು. ‘ಅಮ್ಮ ಕೈಬಿಡುವುದಿಲ್ಲ’ ಎನ್ನುವುದು ಸಂಬಂಧದ ಮಾತು. ಎಣ್ಣೆಯ ಲೆಕ್ಕ ಅದನ್ನು ಮುಟ್ಟುವುದೇ ಇಲ್ಲ. ಕೈಬಿಟ್ಟಳು ಎಂದು ಒಳಗಿನಿಂದ ಅನಿಸಿದ ದಿನ ಅದು ಮುರಿಯುತ್ತದೆ, ಗಂಡ ಹೆಂಡಿರ ನಡುವೆ ಮುರಿಯುವ ಹಾಗೆ. ಮೂರನೆಯದು ನೇಮ: ವರ್ಷಕ್ಕೊಮ್ಮೆ ಬರುವುದು, ಸಾಲಿನಲ್ಲಿ ನಿಲ್ಲುವುದು, ಮಡಿಲಕ್ಕಿ ಕೊಡುವುದು. ಅದನ್ನು ಸುಳ್ಳು ಎಂದು ತೋರಿಸಲು ಬರುವುದಿಲ್ಲ, ಅದಕ್ಕೆ ದ್ರೋಹ ಮಾಡಲೂ ಬರುವುದಿಲ್ಲ. ನಾಲ್ಕು ವರ್ಷ ಬಿಟ್ಟರೆ ತಾನಾಗಿ ಸವೆದು ಹೋಗುತ್ತದೆ. ಬೆಳಗಿನ ಜಾವದಿಂದ ಸಾಲಿನಲ್ಲಿರುವ ಹೆಂಗಸಿಗೆ ‘ದೀಪ ಆರಿತ್ತಂತೆ’ ಎಂದು ಹೇಳಿ ನೋಡಿ. ‘ಹೌದಾ?’ ಎಂದಾಳು, ಸಾಲು ಬಿಟ್ಟು ಹೋಗಲಾರಳು.

ಇದನ್ನು ನಾವು ಕಟ್ಟಿ ಹೇಳುತ್ತಿಲ್ಲ. ಶಾಲೆಯ ಮಕ್ಕಳು ಓದುವ ಸಂವಿಧಾನದ ಪ್ರಸ್ತಾವನೆಯ ಕನ್ನಡ ಪಾಠದಲ್ಲೇ ‘ವಿಶ್ವಾಸ’ ಮತ್ತು ‘ಧರ್ಮಶ್ರದ್ಧೆ’ ಎಂಬ ಎರಡು ಪದಗಳು ಅಕ್ಕಪಕ್ಕ ಇವೆ, ಅವುಗಳ ಪಕ್ಕ ‘ಉಪಾಸನೆ’ ಬೇರೆ. ಒಂದೇ ವಿಷಯವಾಗಿದ್ದರೆ ಮೂರು ಪದ ಯಾಕೆ ಬೇಕಿತ್ತು? ಇನ್ನೂ ಹಿಂದಕ್ಕೆ ಹೋದರೆ ಬಸವಣ್ಣನವರ ವಚನದಲ್ಲಿ ‘ನಂಬರು ನೆಚ್ಚರು’ ಎಂದು ಎರಡು ಕ್ರಿಯಾಪದಗಳಿವೆ. ‘ನೆಚ್ಚು’ ಈಗ ನೆಚ್ಚಿನ ನಟ, ನೆಚ್ಚಿನ ತಿಂಡಿ ಎಂದು ಸೊರಗಿ ಹೋಗಿದೆ, ಪಾಪ. ಆದರೆ ಅರಸೀಕೆರೆ ಕಡೆ ‘ಮಳೆ ನೆಚ್ಕೊಂಡು ರಾಗಿ ಬಿತ್ತಿದೀವಿ’ ಎನ್ನುವಾಗ ಹಳೇ ಅರ್ಥ ಜೀವಂತವಾಗಿದೆ. ಆ ರೈತ ಮಳೆ ಬಂದೇ ಬರುತ್ತದೆ ಎಂದು ವಾದಿಸುತ್ತಿಲ್ಲ. ಮಳೆಯ ಮೇಲೆ ತನ್ನ ಭಾರ ಹಾಕಿದ್ದಾನೆ, ಅಷ್ಟೇ.

ಭಾರ ಹಾಕುವ ಈ ಅರ್ಥ ದೂರದ ಭಾಷೆಗಳಲ್ಲೂ ಸಿಗುತ್ತದೆ. ಹೀಬ್ರೂ ಭಾಷೆಯಲ್ಲಿ ನಂಬಿಕೆಗೆ ‘ಎಮುನಾ’ ಎನ್ನುತ್ತಾರೆ. ಬೈಬಲಿನ ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ಅಮಾಲೇಕ್ಯರ ಜೊತೆ ಯುದ್ಧ ನಡೆಯುವಾಗ ಮೋಶೆ ಕೈ ಎತ್ತಿ ಹಿಡಿದಿರಬೇಕು. ಕೈ ಸೋತು ಇಳಿದರೆ ಅವನ ಜನ ಸೋಲುತ್ತಾರೆ. ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆರೋನ ಒಂದು ಕಡೆ, ಹೂರ ಒಂದು ಕಡೆ ನಿಂತು ಕೈಗಳನ್ನು ಎತ್ತಿ ಹಿಡಿದರು. ಸೂರ್ಯ ಮುಳುಗುವ ತನಕ ಆ ಕೈಗಳು ‘ಎಮುನಾ’ ಆಗಿದ್ದವು ಎಂದು ಮೂಲದಲ್ಲಿದೆ. ಅಂದರೆ ಅಲುಗದೆ ಇದ್ದವು. ಅಭಿಪ್ರಾಯ, ಸಿದ್ಧಾಂತ ಯಾವುದೂ ಆ ಮಾತಿನಲ್ಲಿಲ್ಲ; ಸೋತ ತೋಳು ಮತ್ತು ಅದಕ್ಕೆ ಆನಿಕೆ ಕೊಟ್ಟ ಇಬ್ಬರು ಇದ್ದಾರೆ. ‘ಆಮೆನ್’ ಅದೇ ಧಾತುವಿನದು. ಅರಬ್ಬಿಯ ‘ಈಮಾನ್’ ಕೂಡ ಅದೇ ಅ-ಮ-ನ ಧಾತುವಿನದು. ಅಲ್ಲಿ ಅದರ ನೆರಳಿನಲ್ಲಿ ಸುರಕ್ಷಿತವಾಗಿರುವುದು, ನೆಮ್ಮದಿಯಾಗಿರುವುದು ಎಂಬ ಅರ್ಥವಿದೆ. ನಂಬಿ ಒಪ್ಪಿಸಿದ ಒಡವೆ ‘ಅಮಾನತ್’. ಅದೇ ಪದ ನಮ್ಮ ಸರ್ಕಾರಿ ಕಚೇರಿಗೆ ಬಂದು ‘ಅಮಾನತು’ ಆಗಿದೆ. ನಂಬಿಕೆ ಉಳಿಸಿಕೊಳ್ಳದ ನೌಕರನಿಗೆ ಕೊಡುವ ಆದೇಶದ ಹೆಸರು ಈಗ ಅದು!

ಇಸ್ಲಾಮಿನ ವಿದ್ವಾಂಸರು ಈಮಾನಿನ ಅಂಗಗಳನ್ನು ಬಿಡಿಸಿ ನೋಡಿದ ಹಾಗೆ ನೋಡಿದವರು ಕಡಿಮೆ. ಏನನ್ನು ನಂಬಬೇಕು ಎಂಬುದಕ್ಕೆ ಆರು ವಿಷಯಗಳು: ಅಲ್ಲಾಹ್, ಮಲಕ್‌ಗಳು (ದೇವದೂತರು), ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ, ವಿಧಿ. ನಂಬುವುದು ಹೇಗೆ ಎಂಬುದು ಬೇರೆ ಪ್ರಶ್ನೆ: ಹೃದಯ ಒಪ್ಪಬೇಕು, ನಾಲಿಗೆ ಹೇಳಬೇಕು, ಕೈಕಾಲಿನ ನಡತೆ ಈಮಾನಿನ ಒಳಗೆ ಸೇರುತ್ತದೆಯೇ, ಅದರ ಫಲವೇ ಎಂಬಲ್ಲಿ ಭಿನ್ನಾಭಿಪ್ರಾಯ. ಈಮಾನ್ ಹೆಚ್ಚು ಕಡಿಮೆ ಆಗುವುದಿಲ್ಲ ಎಂದು ಇಮಾಮ್ ಅಬೂ ಹನೀಫಾ. ಒಳ್ಳೆಯ ನಡೆಯಿಂದ ಏರುತ್ತದೆ, ಪಾಪದಿಂದ ಇಳಿಯುತ್ತದೆ ಎಂದು ಇಮಾಮ್ ಶಾಫಿಈ ಮತ್ತು ಅಹ್ಮದ್ ಬಿನ್ ಹಂಬಲ್. ಕುರ್‌ಆನಿನ 49ನೇ ಅಧ್ಯಾಯದ 14ನೇ ವಚನದಲ್ಲಿ ‘ನಾವು ನಂಬಿದೆವು’ ಎಂದು ಬಂದ ಮರುಭೂಮಿಯ ಜನರಿಗೆ ಸಿಗುವ ಉತ್ತರವನ್ನು ಎಲ್ಲ ಮತದವರೂ ಒಮ್ಮೆ ಓದಬೇಕು: ನೀವಿನ್ನೂ ನಂಬಿಲ್ಲ, ಶರಣಾಗಿದ್ದೇವೆ ಎಂದಷ್ಟೇ ಹೇಳಿ, ಈಮಾನ್ ಇನ್ನೂ ನಿಮ್ಮ ಹೃದಯದೊಳಗೆ ಹೊಕ್ಕಿಲ್ಲ.

ಕ್ರೈಸ್ತರಲ್ಲಿ ಇದೇ ಪ್ರಶ್ನೆ ಚರ್ಚನ್ನೇ ಸೀಳಿತು. ಮಾರ್ಟಿನ್ ಲೂಥರ್ 1522ರ ಜರ್ಮನ್ ಅನುವಾದದಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯದ 28ನೇ ವಚನಕ್ಕೆ ಗ್ರೀಕ್ ಮೂಲದಲ್ಲಿ ಇಲ್ಲದ ‘ಮಾತ್ರ’ ಎಂಬ ಪದ ಸೇರಿಸಿದರು: ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದ ಮಾತ್ರ. ಆದರೆ ಅದೇ ಬೈಬಲಿನ ಯಾಕೋಬನ ಪತ್ರ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತದೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದೂ ಹೇಳುತ್ತದೆ. ಕೆಲಸಕ್ಕೆ ಬಾರದ ನಂಬಿಕೆ ಯಾವುದು ಎಂಬುದಕ್ಕೆ ಇದಕ್ಕಿಂತ ಚುರುಕಾದ ಮಾತು ಸಿಗುವುದು ಕಷ್ಟ. ಲೂಥರ್‌ನ ಹಾದಿಯ ಪಂಡಿತರು ಆಮೇಲೆ ನಂಬಿಕೆಯನ್ನು ತಿಳಿವು, ಒಪ್ಪಿಗೆ, ಭರವಸೆ ಎಂದು ಮೂರು ಮಾಡಿದರು. ಮಲೆನಾಡಿನವರಿಗೆ ಹೀಗೆ ಹೇಳಬಹುದು: ಹಳ್ಳಕ್ಕೆ ಕಾಲುಸಂಕ ಇದೆ ಎಂದು ತಿಳಿಯುವುದು, ಅದು ತಡೆಯುತ್ತದೆ ಎಂದು ಒಪ್ಪುವುದು, ಕೊನೆಗೆ ಆಷಾಢದಲ್ಲಿ ಅದರ ಮೇಲೆ ಕಾಲಿಡುವುದು. ದೆವ್ವಗಳಿಗೆ ಮೊದಲ ಎರಡು ಇವೆ. ಲೂಥರನ್ನರೂ ಕ್ಯಾಥೊಲಿಕರೂ ಈ ವಿಷಯದಲ್ಲಿ ಬಹುಪಾಲು ಒಮ್ಮತಕ್ಕೆ ಬಂದು ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಆಗ್ಸ್‌ಬರ್ಗ್‌ನಲ್ಲಿ.

ಇನ್ನು ಶ್ರದ್ಧೆ. ‘ಶ್ರತ್’ ಎಂದರೆ ಹೃದಯ, ‘ಧಾ’ ಎಂದರೆ ಇಡು ಎಂದು ಭಾಷಾಶಾಸ್ತ್ರಜ್ಞರು ಬಿಡಿಸುತ್ತಾರೆ. ಲ್ಯಾಟಿನಿನ ‘ಕ್ರೇದೋ’ ಇದರ ದಾಯಾದಿ. ಎಲ್ಲಿ ಹೃದಯ ಇಡುತ್ತೀಯೋ ಅದು ಶ್ರದ್ಧೆ. ಅದಕ್ಕೇ ಕನ್ನಡದಲ್ಲಿ ‘ಶ್ರದ್ಧೆಯಿಂದ ಓದು’ ಎಂದರೆ ಪುಸ್ತಕದಲ್ಲಿರುವುದೆಲ್ಲ ನಿಜ ಎಂದುಕೊಂಡು ಓದು ಎಂದಲ್ಲ. ಕಠೋಪನಿಷತ್ತಿನ ಆರಂಭವನ್ನು ಗಮನಿಸಿ. ತಂದೆ ಯಾಗ ಮಾಡಿ ದಾನ ಕೊಡುತ್ತಿದ್ದಾನೆ. ಕೊಡುವ ಹಸುಗಳೋ, ನೀರು ಕುಡಿದು ಮುಗಿದವು, ಹುಲ್ಲು ಮೇದು ಮುಗಿದವು, ಹಾಲು ಕರೆದು ಮುಗಿದವು. ಆಗ ಬಾಲಕ ನಚಿಕೇತನೊಳಗೆ ಶ್ರದ್ಧೆ ಹೊಕ್ಕಿತು ಎನ್ನುತ್ತದೆ ಉಪನಿಷತ್ತು. ಹೊಕ್ಕ ಶ್ರದ್ಧೆ ಏನು ಮಾಡಿತು? ಕೈಮುಗಿದು ಕೂರಿಸಲಿಲ್ಲ, ‘ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀಯ?’ ಎಂದು ಮೂರು ಸಲ ಕೇಳಿಸಿತು, ಯಮನ ಮನೆಗೆ ಕಳಿಸಿತು. ‘ಶ್ರದ್ಧೆ ಇದ್ದರೆ ಪ್ರಶ್ನೆ ಕೇಳಬಾರದು’ ಎನ್ನುವವರಿಗೆ ಈ ಉಪನಿಷತ್ತಿನಲ್ಲಿ ಆಸರೆಯಿಲ್ಲ.

ಗೀತೆಯ 17ನೇ ಅಧ್ಯಾಯ ಇನ್ನೊಂದು ತಪ್ಪನ್ನು ತಿದ್ದುತ್ತದೆ. ಶ್ರದ್ಧೆ ಇದ್ದರೆ ಸಾಕು, ಅದು ಒಳ್ಳೆಯದೇ ಎಂದು ನಾವು ಭಾವಿಸಿದ್ದೇವೆ. ಕೃಷ್ಣ ಹಾಗೆ ಹೇಳುವುದಿಲ್ಲ. ಶ್ರದ್ಧೆಯಲ್ಲೂ ಸಾತ್ವಿಕ, ರಾಜಸ, ತಾಮಸ ಎಂದು ಮೂರು. ದಂಭ ಅಹಂಕಾರಗಳಿಂದ ಶರೀರವನ್ನು ದಂಡಿಸಿ ಘೋರ ತಪಸ್ಸು ಮಾಡುವವರನ್ನು ಅಸುರ ನಿಶ್ಚಯದವರು ಎನ್ನುತ್ತಾನೆ. ಯಾರ ಶ್ರದ್ಧೆ ಎಂಥದೋ ಅವನು ಅಂಥವನೇ. ಅಂದರೆ ಶ್ರದ್ಧೆ ಮನುಷ್ಯನ ಗುರುತು, ಅವನಿಗೆ ಕೊಟ್ಟ ರಿಯಾಯಿತಿ ಚೀಟಿ ಅಲ್ಲ.

‘ಮೂಢ’ ಎಂಬ ವಿಶೇಷಣವನ್ನು ವಿಚಾರವಾದಿಗಳು ಧರ್ಮದ ಮೇಲೆ ಹೊರಗಿನಿಂದ ಎಸೆದ ಕಲ್ಲು ಎಂದು ತಿಳಿದವರು ಹಾಸನ ಜಿಲ್ಲೆಯಲ್ಲಿ ಇರಬಾರದು. ಶ್ರವಣಬೆಳಗೊಳ ಇರುವ ಜಿಲ್ಲೆ ಇದು. ಜೈನರ ತತ್ತ್ವಾರ್ಥಸೂತ್ರದ ಮೊದಲ ಸೂತ್ರವೇ ಸಮ್ಯಗ್ದರ್ಶನ (ಸರಿಯಾದ ನೋಟ), ಜ್ಞಾನ, ಚಾರಿತ್ರಗಳನ್ನು ಮೋಕ್ಷಮಾರ್ಗ ಎನ್ನುತ್ತದೆ. ಎರಡನೆಯದು ತತ್ತ್ವಾರ್ಥಗಳಲ್ಲಿ ಶ್ರದ್ಧೆಯೇ ಸಮ್ಯಗ್ದರ್ಶನ ಎನ್ನುತ್ತದೆ. ಆ ತತ್ತ್ವಗಳು ಏಳು: ಜೀವ, ಅಜೀವ, ಆಸ್ರವ (ಕರ್ಮ ಒಳಗೆ ಹರಿಯುವುದು), ಬಂಧ (ಅದು ಅಂಟುವುದು), ಸಂವರ (ಅದನ್ನು ತಡೆಯುವುದು), ನಿರ್ಜರಾ (ಅದು ಉದುರುವುದು), ಮೋಕ್ಷ. ಲೋಕ ಸೃಷ್ಟಿಸಿದ ದೇವರು ಈ ಪಟ್ಟಿಯಲ್ಲಿಲ್ಲ. ಈ ದರ್ಶನಕ್ಕೆ ಎಂಟು ಅಂಗಗಳು, ಅದರಲ್ಲಿ ನಾಲ್ಕನೆಯದು ‘ಅಮೂಢದೃಷ್ಟಿ’. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಢತೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ನದಿ ಸಮುದ್ರಗಳಲ್ಲಿ ಮುಳುಗುವುದು, ಮರಳು ಕಲ್ಲಿನ ರಾಶಿ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿಗೆ ಹಾರುವುದು, ಇವೆಲ್ಲ ಪುಣ್ಯ ಎಂದುಕೊಳ್ಳುವುದು ಲೋಕಮೂಢತೆ. ವರ ಸಿಗುತ್ತದೆಂಬ ಆಸೆಯಿಂದ ರಾಗದ್ವೇಷ ತುಂಬಿದ ದೇವತೆಗಳ ಹಿಂದೆ ಹೋಗುವುದು ದೇವಮೂಢತೆ. ಆಸ್ತಿ, ಹಿಂಸೆ, ಸಂಸಾರದ ಸುಳಿಯಲ್ಲಿ ಮುಳುಗಿದ ವೇಷಧಾರಿಯನ್ನು ಗುರು ಎಂದು ಮೆರೆಸುವುದು ಮೂರನೆಯದು. ನಂಬುವವರೇ ನಂಬುವವರಿಗಾಗಿ ಬರೆದ ಪಟ್ಟಿ ಇದು. ವಿಂಧ್ಯಗಿರಿಯ ಮೆಟ್ಟಿಲು ಹತ್ತುವ ಜೈನ ಗೃಹಸ್ಥರಿಗೆ ಇದರ ಅರ್ಥ ಗೊತ್ತು: 58 ಅಡಿಯ ಗೊಮ್ಮಟ ವರವನ್ನೂ ಕೊಡುವುದಿಲ್ಲ, ಶಾಪವನ್ನೂ ಕೊಡುವುದಿಲ್ಲ. ಬೇಡಲು ಹೋಗುವ ಜಾಗವಲ್ಲ ಅದು.

ಬೌದ್ಧರ ವಿಷಯದಲ್ಲಿ ಉಲ್ಟಾ ತಪ್ಪು ನಡೆಯುತ್ತಿದೆ. ‘ಯಾರು ಹೇಳಿದರೂ ನಂಬಬೇಡ, ನಿನ್ನ ಬುದ್ಧಿಗೆ ಸರಿ ಕಂಡರೆ ಮಾತ್ರ ನಂಬು’ ಎಂದು ಬುದ್ಧ ಹೇಳಿದನೆಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಮೂಲ ಇರುವುದು ಅಂಗುತ್ತರ ನಿಕಾಯದ ಕಾಲಾಮ ಸುತ್ತದಲ್ಲಿ, ಕೇಸಪುತ್ತದ ಕಾಲಾಮರಿಗೆ ಹೇಳಿದ್ದು. ಹತ್ತು ಆಧಾರಗಳು ಸಾಲವು ಎನ್ನುತ್ತಾನೆ ಬುದ್ಧ. ಕೇಳಿಬಂದದ್ದು, ಪರಂಪರೆ, ವದಂತಿ, ಗ್ರಂಥ, ‘ಈ ಶ್ರಮಣ ನಮ್ಮ ಗುರು’ ಎಂಬ ಗೌರವ, ಇವು ಎಲ್ಲರ ಬಾಯಲ್ಲಿವೆ. ಅದೇ ಪಟ್ಟಿಯಲ್ಲಿ ತರ್ಕ ಇದೆ, ಒಂದನ್ನು ಕಂಡು ಇನ್ನೊಂದನ್ನು ಊಹಿಸುವ ಅನುಮಾನ ಪ್ರಮಾಣ ಇದೆ, ‘ನನ್ನ ಅಭಿಪ್ರಾಯಕ್ಕೆ ಹೊಂದುತ್ತದೆ’ ಎಂಬುದೂ ಇದೆ. ಅವನ್ನು ಹಂಚುವವರು ಕತ್ತರಿಸಿ ಬಿಡುತ್ತಾರೆ. ಬುದ್ಧ ಕೊಟ್ಟ ಅಳತೆಗೋಲು ಬೇರೆ: ನಡೆಸಿ ನೋಡಿದಾಗ ಕೇಡಿಗೆ ಒಯ್ಯುತ್ತದೋ, ಹಿತಕ್ಕೆ ಒಯ್ಯುತ್ತದೋ, ತಿಳಿದವರು ಹಳಿಯುತ್ತಾರೋ, ಮೆಚ್ಚುತ್ತಾರೋ. ಅದೇ ಬುದ್ಧನ ಹಾದಿಯಲ್ಲಿ ‘ಸದ್ಧಾ’ (ಶ್ರದ್ಧೆಯ ಪಾಲಿ ರೂಪ) ಐದು ‘ಇಂದ್ರಿಯ’ಗಳಲ್ಲಿ, ಅಂದರೆ ಮನಸ್ಸಿನ ಐದು ಶಕ್ತಿಗಳಲ್ಲಿ, ಮೊದಲನೆಯದು, ಪ್ರಜ್ಞೆ ಕೊನೆಯದು. ಮಿಲಿಂದ ರಾಜನ ಪ್ರಶ್ನೆಗಳಿಗೆ ಭಿಕ್ಷು ನಾಗಸೇನ ಉತ್ತರ ಕೊಡುವ ‘ಮಿಲಿಂದಪ್ರಶ್ನೆ’ ಎಂಬ ಗ್ರಂಥದಲ್ಲಿ ಅವನು ಒಂದು ಉಪಮೆ ಕೊಡುತ್ತಾನೆ: ತುಂಬಿ ಹರಿಯುವ ಹೊಳೆ, ದಂಡೆಯಲ್ಲಿ ಆಳ ಅಗಲ ತಿಳಿಯದೆ ನಿಂತ ಜನ. ತನ್ನ ಶಕ್ತಿ ಬಲ್ಲ ಒಬ್ಬ ಕಚ್ಚೆ ಬಿಗಿದು ಹಾರಿ ದಾಟುತ್ತಾನೆ. ಅವನನ್ನು ನೋಡಿ ಉಳಿದವರೂ ದಾಟುತ್ತಾರೆ. ಒಬ್ಬ ದಾಟಿದ್ದನ್ನು ಕಂಡು ತಾನೂ ಹಾರುವ ಹುಮ್ಮಸ್ಸು ಸದ್ಧಾ. ಹೊಳೆ ಇದೆಯೋ ಇಲ್ಲವೋ ಎಂಬ ಚರ್ಚೆ ಅಲ್ಲ.

ಹಾಗಾದರೆ ಎಲ್ಲವೂ ಒಂದೇ ಎನ್ನೋಣವೇ? ನಮ್ಮ ಕಡೆಯ ಸಭೆಗಳಲ್ಲಿ ಆ ಮಾತಿಗೆ ಬೇಲೂರಿನ ಶಾಸನದ ಶ್ಲೋಕವನ್ನು ಎಳೆದು ತರುವುದು ರೂಢಿ: ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನೈಯಾಯಿಕರು ಕರ್ತನೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು ಕರ್ಮವೆಂದು ಯಾರನ್ನು ಉಪಾಸಿಸುವರೋ ಆ ಕೇಶವ ಇಷ್ಟಾರ್ಥ ಕೊಡಲಿ ಎಂದು. ಔದಾರ್ಯದ ಶ್ಲೋಕ, ಸಂಶಯವಿಲ್ಲ. ಆದರೆ ಬರೆದವನು ಎಷ್ಟು ಎಚ್ಚರದಿಂದ ಹೆಸರು ಆರಿಸಿದ್ದಾನೆ ನೋಡಿ. ನೈಯಾಯಿಕನಿಗೆ ಜಗತ್ತು ಮಾಡಿದ ಕರ್ತ ಬೇಕು, ಅವನನ್ನು ತರ್ಕದಿಂದ ಸಾಧಿಸುತ್ತಾನೆ. ಮೀಮಾಂಸಕನಿಗೆ ಕರ್ತ ಬೇಡವೇ ಬೇಡ, ವೇದ ಹೇಳಿದ ಕರ್ಮ ಸಾಕು. ಸಂಗತಿ, ಸಂಬಂಧ, ನೇಮ ಎಂಬ ನಮ್ಮ ಮೂರರಲ್ಲಿ ಅವನದು ಅಪ್ಪಟ ನೇಮ. ಅರ್ಹಂತನೋ, ಗೆದ್ದು ತೋರಿಸಿದ ಮನುಷ್ಯ. ಆರೂ ಜನ ಬೇರೆ ಬೇರೆ ಕೆಲಸ ಮಾಡುತ್ತಿದ್ದಾರೆ ಎಂದು ಶ್ಲೋಕಕಾರನಿಗೆ ಗೊತ್ತಿತ್ತು. ಮೈಕ್ ಹಿಡಿದವರಿಗೆ ಗೊತ್ತಿರುವ ಹಾಗೆ ಕಾಣುವುದಿಲ್ಲ.

ಬೆರಕೆಯಿಂದ ಆಗುವ ನಷ್ಟ ಪುಸ್ತಕದ್ದಲ್ಲ, ದಿನನಿತ್ಯದ್ದು. 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ಒಬ್ಬ ಹಡಗಿನ ಮಾಲೀಕನ ಉದಾಹರಣೆ ಕೊಟ್ಟ. ಹಡಗು ಹಳೆಯದು, ದುರಸ್ತಿ ಬೇಕು ಎಂಬ ಅನುಮಾನವಿದೆ. ‘ಇಷ್ಟು ಸಲ ಹೋಗಿ ಬಂದಿದೆ, ದೇವರಿದ್ದಾನೆ’ ಎಂದು ಸಮಾಧಾನ ಮಾಡಿಕೊಂಡು ಜನರನ್ನು ತುಂಬಿ ಕಳಿಸಿದ, ಹಡಗು ಮುಳುಗಿತು. ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಆದರೂ ತಪ್ಪಿತಸ್ಥ, ಹಡಗು ದಡ ಸೇರಿದ್ದರೂ ತಪ್ಪಿತಸ್ಥನೇ ಎಂದ ಕ್ಲಿಫರ್ಡ್. ಬ್ರೇಕ್ ತೋರಿಸದೆ, ಡ್ಯಾಶ್‌ಬೋರ್ಡಿನ ದೇವರಿಗೆ ಊದುಬತ್ತಿ ಹಚ್ಚಿ ಶಿರಾಡಿ ಘಾಟಿ ಇಳಿಯುವ ಲಾರಿಯೂ ಅದೇ ಹಡಗು. ಊದುಬತ್ತಿ ತಪ್ಪಲ್ಲ, ಅದು ಸಂಬಂಧ. ಬ್ರೇಕ್ ಸಂಗತಿ, ಅದರ ಜಾಗಕ್ಕೆ ಊದುಬತ್ತಿ ತಂದದ್ದು ತಪ್ಪು. ಕ್ಲಿಫರ್ಡ್‌ಗೆ 1896ರಲ್ಲಿ ಉತ್ತರ ಕೊಟ್ಟ ಅಮೆರಿಕದ ವಿಲಿಯಂ ಜೇಮ್ಸ್ ಕೂಡ ಬ್ರೇಕಿಗೆ ರಿಯಾಯಿತಿ ಕೊಡಲಿಲ್ಲ. ಪುರಾವೆಯಿಂದ ತೀರ್ಮಾನಿಸಲು ಬಾರದ ವಿಷಯವಾಗಿರಬೇಕು, ಎರಡು ದಾರಿಯೂ ನಮಗೆ ಜೀವಂತವಾಗಿರಬೇಕು, ಆರಿಸದೆ ತಪ್ಪಿಸಿಕೊಳ್ಳಲು ಬರಬಾರದು, ಪಣ ದೊಡ್ಡದಿರಬೇಕು. ಆಗ ಮಾತ್ರ ಮನಸ್ಸು ಮುಂದೆ ಹೋಗಬಹುದು ಎಂದ. ಸ್ನೇಹಕ್ಕೆ ಅದು ಒಪ್ಪುತ್ತದೆ: ಪುರಾವೆ ಪೂರ್ತಿ ಕೈಸೇರಲಿ ಎಂದು ಕಾಯುವವನಿಗೆ ಸ್ನೇಹಿತರೇ ಆಗುವುದಿಲ್ಲ. ಹಾವಿನ ವಿಷಕ್ಕೆ ಒಪ್ಪುವುದಿಲ್ಲ.

ನಮ್ಮ ರಾಜ್ಯದ 2017ರ ಕಾಯ್ದೆ ಇದನ್ನು ಜಾಣತನದಿಂದ ನಿಭಾಯಿಸಿದೆ. ಪತ್ರಿಕೆಗಳು ಅದನ್ನು ‘ಮೌಢ್ಯ ನಿಷೇಧ ಕಾಯ್ದೆ’ ಎಂದು ಬರೆಯುತ್ತವೆ. ಆದರೆ ಅದರ ಹೆಸರಿನಲ್ಲಿರುವುದು ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ. ಯಾರು ಏನು ನಂಬಬೇಕು ಎಂದು ಅದು ಹೇಳುವುದಿಲ್ಲ, ಅನುಸೂಚಿಯಲ್ಲಿ ಕೃತ್ಯಗಳ ಪಟ್ಟಿ ಕೊಡುತ್ತದೆ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅದರಲ್ಲಿದೆ. ಮಂತ್ರದ ಮೇಲಿನ ನಂಬಿಕೆ ಅಪರಾಧವಲ್ಲ, ಆಸ್ಪತ್ರೆಗೆ ಅಡ್ಡ ನಿಲ್ಲುವುದು ಅಪರಾಧ. ಬಾಬಾಬುಡನ್‌ಗಿರಿಯ ದತ್ತಪೀಠದ ವಿವಾದ ಈ ಪತ್ರದ ವಿಷಯವಲ್ಲ. ಆದರೆ ಪೂಜೆ ಯಾರು ಮಾಡಬೇಕು, ಆಡಳಿತ ಯಾರದು ಎಂಬ ದಾಖಲೆಯ ಪ್ರಶ್ನೆಯನ್ನು ‘ನಂಬಿಕೆಯ ಪ್ರಶ್ನೆ’ ಎಂದು ತಲೆಬರಹ ಹಾಕಿದ ಕೂಡಲೇ ದಾಖಲೆ ನೋಡುವ ಕೆಲಸ ನಿಂತು ಹೋಗುತ್ತದೆ ಎಂದಷ್ಟು ಹೇಳಬಹುದು.

ಸಂಪಾದಕರೇ, ಓದುಗರು ನಿಮ್ಮ ಪತ್ರಿಕೆಯನ್ನು ನಂಬುವುದಕ್ಕೂ ನ್ಯಾಯಶಾಸ್ತ್ರದಲ್ಲಿ (ಕೋರ್ಟಿನದಲ್ಲ, ನೈಯಾಯಿಕರ ತರ್ಕಶಾಸ್ತ್ರ) ಹೆಸರಿದೆ: ಆಪ್ತವಾಕ್ಯ, ಅಂದರೆ ನಂಬಲು ಅರ್ಹನಾದವನ ಮಾತು. ಆಪ್ತ ಯಾರು ಎಂಬುದಕ್ಕೆ ವಾತ್ಸ್ಯಾಯನನ ಭಾಷ್ಯ ಲಕ್ಷಣ ಕೊಡುತ್ತದೆ: ವಿಷಯವನ್ನು ಸ್ವತಃ ಅರಿತಿರಬೇಕು, ಕಂಡದ್ದನ್ನು ಕಂಡ ಹಾಗೆ ತಿಳಿಸುವ ಇಚ್ಛೆ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಸ್ಪಷ್ಟವಾಗಿ ಸೇರಿಸಿದ್ದಾನೆ. ಅಂದರೆ ಹುಟ್ಟು, ವೇಷ, ಪೀಠ ನೋಡಬೇಡಿ. ಕಂಡಿದ್ದಾನೆಯೇ, ಇದ್ದದ್ದು ಇದ್ದ ಹಾಗೆ ಹೇಳುತ್ತಾನೆಯೇ ನೋಡಿ.

ಆದ್ದರಿಂದ ಒಂದು ಕೋರಿಕೆ. ಈ ಸಲ ಹಾಸನಾಂಬೆಯ ಬಾಗಿಲು ತೆರೆದಾಗ, ದೀಪದ ಸುದ್ದಿ ಬರೆಯುವುದಾದರೆ ಬಾಗಿಲು ತೆರೆದ ಕ್ಷಣ ಒಳಗೆ ಇದ್ದವರು ಯಾರು, ಅವರು ಕಣ್ಣಾರೆ ಏನು ಕಂಡರು ಎಂದು ಕೇಳಿ ಬರೆಯಿರಿ. ‘ಭಕ್ತರ ನಂಬಿಕೆ’ ಎಂದು ಜಾರಿಕೊಳ್ಳಬೇಡಿ. ಇನ್ನು ಸಾಲಿನಲ್ಲಿ ನಿಂತವರ ಮುಂದೆ ಮೈಕ್ ಹಿಡಿದಾಗ ‘ನೀವು ಇದನ್ನು ನಂಬ್ತೀರಾ?’ ಎಂದು ಕೇಳುವುದನ್ನು ವರದಿಗಾರರು ಬಿಡಲಿ. ‘ಹೋದ ಸಲ ಏನು ಬೇಡಿಕೊಂಡಿದ್ರಿ? ಆಯ್ತಾ? ಆಗದೇ ಇದ್ರೂ ಯಾಕೆ ಬಂದ್ರಿ?’ ಎಂದು ಕೇಳಲಿ.

ಇಂತಿ,
ತತ್ತ್ವಶಾಸ್ತ್ರದ ಇಬ್ಬರು ನಿವೃತ್ತ ಅಧ್ಯಾಪಕರು
ಹಾಸನ